ಎರಡು ತಾಸಿನ ದಿಲ್ಲಿ

ಟಕ್ ಟಕ್ ಟಕ್. ಕಂಡಕ್ಟರ್ ತನ್ನ ಟಿಕೆಟ್ ಪಂಚಿನಿಂದ ಬಸ್ಸಿನ ಕಂಬಿಗೆ ಬಡಿಯುತ್ತಿದ್ದ ಸದ್ದು ಅದು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಲಬುರ್ಗಾದಲ್ಲಿ ಟೀಚರ್. ಶನಿವಾರ ಶಾಲೆ ಬಿಟ್ಟ ಮೇಲೆ ಆ ಸದ್ದು ಕೇಳುತ್ತ, ಧೂಳು ಕುಡಿಯುತ್ತ ಕುಷ್ಟಗಿಯ ತವರುಮನೆಗೆ ಬರುತ್ತಿದ್ದೆ. ಇಳಿದಾಗ ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು.

ಅಂಥದೇ ಒಂದು ಶನಿವಾರ ತಂಗಿಯನ್ನು ನೋಡಲು ಬೀಗರು ಬಂದಿದ್ದರು. ಹುಡುಗನಿಗೆ ದಿಲ್ಲಿಯಲ್ಲಿ ಸೆಂಟ್ರಲ್ ಗವರ್ನಮೆಂಟ್ ನೌಕರಿ. ಅವ್ವನ ಮುಖ ಸಣ್ಣದಾದದ್ದನ್ನು ಕಂಡು ಹುಡುಗನ ಸೋದರಮಾವ ನಕ್ಕ.

"ದೂರ ಅಂತ ಯಾಕ ಅಂಜ್ತೀರಿ ಅಕ್ಕಾರ? ಮುಂಬೈದಾಗ ವಿಮಾನ ಹತ್ತಿದ್ರ ಎರಡು ತಾಸಿಗೆ ದಿಲ್ಲಿ!"

"ಹೌದ್ರಿ? ಹಂಗಾರ ನಾವು ಬಸ್ಸಿನ್ಯಾಗ ಕೊಪ್ಪಳಕ್ಕ ಹೋದಷ್ಟಽ ಹೊತ್ತು!" ಅವ್ವ ಅರಳಿದಳು.

ಅಡುಗೆಮನೆಯಲ್ಲಿ ನಾನು ಮೆಲ್ಲಗೆ ಅಂದೆ: "ಬಟ್ ಅವ್ವಾ, ಮುಂಬೈ ಮುಟ್ಟಾಕ ಒಂದು ಹಗಲು, ಒಂದು ರಾತ್ರಿ ಬೇಕು. ವಿಮಾನ ನಮ್ಮ ಊರ ಅಗಸಿ ಬಾಗಲ ಮುಂದ ಬಂದು ನಿಲ್ಲೂದಿಲ್ಲ."

"ಕಾನ್ವೆಂಟಿನ್ಯಾಗ ನಿನಗ ಕಲಿಸಿದ್ದು ಅದೊಂದಽ ನೋಡು. ಎಲ್ಲಾದಕ್ಕೂ ಬಟ್, ಬಟ್. ಚಾ ಸೋಸು."

ಮದುವೆಯಾಯಿತು. ಓಣಿಯಲ್ಲಿ ಯಾರು ಕೇಳಿದರೂ ಅವ್ವ "ಎರಡು ತಾಸು" ಎನ್ನುತ್ತಿದ್ದಳು. ಮರುವರ್ಷ ತಂಗಿ ಬಸಿರಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅವ್ವ ಒಳಕೋಣೆಗೆ ಸುಣ್ಣ ಬಳಿಸಿದಳು, ಹೊರಸಿಗೆ ಹೊಸ ಹಗ್ಗ ಹೆಣೆಸಿದಳು, ಅದರ ಕೆಳಗೆ ಕೆಂಡ ಇಡಲು ಸಗಣಿ ಕುಳ್ಳು ಒಟ್ಟಿದಳು. ಅಷ್ಟರಲ್ಲಿ ತಂಗಿಯ ಗಂಡನ ಟ್ರಂಕ್ ಕಾಲ್ ಬಂತು. ಪೋಸ್ಟ್ ಆಫೀಸಿನಲ್ಲಿ ನಿಂತು, ಗಂಟಲು ಹರಿಯುವಂತೆ ಕೂಗಿ ಮಾತಾಡಿ, ಮನೆಗೆ ಬಂದು ಅವ್ವನಿಗೆ ಹೇಳಿದೆ.

"ವಿಮಾನ ಬೇಕಾದ್ರ ಹತ್ಲಿ, ಮುಂದಿನ ರೈಲು, ಬಸ್ಸಿನ ಕುಲುಕಾಟ ಬ್ಯಾಡ ಅಂದಾರಂತ ಡಾಕ್ಟರು. ರಿಸ್ಕ್ ಐತಿ. ಆಕಿ ಬರಂಗಿಲ್ಲ."

ಅವ್ವ ಹೊರಸಿನ ಮೇಲೆ ಕುಳಿತು, ಹೊಸ ಹಗ್ಗದ ಬಿಗಿಯನ್ನು ಒತ್ತಿ ನೋಡಿದಳು. "ಹಂಗಾರ ನಾನಽ ಹೊಕ್ಕೀನಿ" ಅಂದಳು.

ಅವ್ವನ ತಂಗಿ ಚಿಗವ್ವ ಹೌಹಾರಿದಳು. "ಅಳಿಯನ ಮನ್ಯಾಗ ಕುಂತು ಮಗಳ ಬಾಣಂತನ ಮಾಡ್ತಿಯೇನಬೇ? ಮಂದಿ ಏನಂದಾರು?"

"ಮಂದಿ ಹೋಗಿ ಆಕಿಗೆ ಎಣ್ಣಿ ಹಚ್ಚಿ ಎರೀತಾರೇನು? ಆ ಊರಾಗ ಆಕಿ ನರಳಿದ್ರ ಯಾರಿಗೆ ತಿಳೀತೈತಿ?"

ಅಣ್ಣ ಅವ್ವನನ್ನು ರೈಲಿನಲ್ಲೇ ಕರೆದೊಯ್ದು ಬಿಟ್ಟುಬಂದ. ಹೆರಿಗೆ ಸುಸೂತ್ರವಾಯಿತು. ತಂಗಿಯನ್ನೂ ಮಗುವನ್ನೂ ಅವ್ವ ದಿನಾ ಎರೆದು, ಕಾಯಿಸಿ, ಗಟ್ಟಿ ಮಾಡಿದಳು. ಆದರೆ ವಾಪಸು ಬರುವ ಮೊದಲೇ ದಿಲ್ಲಿಯ ಚಳಿಗೆ ಅವಳ ಎದೆ ಕಟ್ಟಿತು. ತಂತಿ ಕೈಸೇರಿ, ನಾನೂ ಅಣ್ಣನೂ ಬಸ್ಸು, ರೈಲು, ಮತ್ತೊಂದು ರೈಲು ಹಿಡಿದು ತಲುಪುವಷ್ಟರಲ್ಲಿ ಅವಳನ್ನು ಅಲ್ಲೇ ಮಣ್ಣು ಮಾಡಿದ್ದರು. ಆ ಪ್ರಯಾಣದ ದಣಿವು ನನ್ನ ಮೈಯಿಂದ ಇನ್ನೂ ಪೂರ್ತಿ ಇಳಿದಿಲ್ಲ.

ಹೀಗಾಗಿ ಅವ್ವನನ್ನು ನಾನು ಕೊನೆಯ ಸಲ ನೋಡಿದ್ದು ಗದಗ ಸ್ಟೇಷನ್ನಿನಲ್ಲಿ. ಕಿಟಕಿಯ ಪಕ್ಕ ಕುಳಿತು, ಅಂಟಿನುಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಕೆಳಗ ಇಡ್ರೆಲಾ ಯವ್ವಾ, ಭಾರ ಆಗ್ತೈತಿ" ಎಂದು ಎದುರಿನ ಹೆಂಗಸು ಅಂದಳು. "ಬಾಣಂತಿ ಉಣ್ಣೂದೈತ್ರಿ, ಮಂದಿ ಕಾಲು ತಾಗಬಾರದು" ಅಂದಳು ಅವ್ವ. ರೈಲು ಹೊರಟಿತು. ನಾನು ಕೈ ಎತ್ತಿದೆ. ಅವಳು ಡಬ್ಬಿಯ ಮುಚ್ಚಳ ಒತ್ತಿ ಬಿಗಿ ಮಾಡುತ್ತಿದ್ದಳು.