ವೈಪರ್ ಮೋಟಾರು, ರೇಷ್ಮೆ ಎಳೆ

ಮರಳವಾಡಿಯಿಂದ ಡಿಪ್ಲೊಮಾ ಓದಲು ಹೋದ ಹುಡುಗಿಯರಲ್ಲಿ ಮೆಕ್ಯಾನಿಕಲ್ ತೆಗೆದುಕೊಂಡವಳು ನಾನೊಬ್ಬಳೇ. ಮುಗಿಸಿದ ವರ್ಷವೇ ಬಿಡದಿಯಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತಷ್ಟೆ. ಹೆದ್ದಾರಿಯ ಎರಡೂ ಬದಿ ಹೊಲಗಳಿಗೆ ತಂತಿಬೇಲಿ ಬಿದ್ದು ಶೆಡ್ಡುಗಳು ಏಳುತ್ತಿದ್ದವು. ಊರಿಂದ ದಿನಾ ಓಡಾಡುವುದು ಆಗದ ಮಾತು. ರಾಮನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ.

ಮನೆಯೊಡತಿ ರೇಷ್ಮೆ ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು. ಓಣಿಯ ಮಕ್ಕಳೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಹೋದ ಮೊದಲ ವಾರವೇ ನನಗೆ ಕಂಡದ್ದು ಅವರ ಕೈ. ಬೆರಳುಗಳು ಬಿಳಿಚಿ, ಊದಿ, ಉಗುರಿನ ಬುಡದಲ್ಲಿ ಚರ್ಮ ಸುಲಿದಿತ್ತು. ಸಾರು ತಾಗಿದರೆ ಉರಿಯುತ್ತದೆಂದು ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದರು. ಕೇಳಿದ್ದಕ್ಕೆ, ಗೂಡು ಕುದಿಯುವ ನೀರಿನಲ್ಲಿ ಇರುತ್ತದೆ, ಎಳೆ ಹುಡುಕಲು ಕೈ ಹಾಕದೆ ಆಗುವುದಿಲ್ಲ, ಅವರ ತಾಯಿಯ ಕೈಯೂ ಹೀಗೇ ಇತ್ತು ಅಂದರು. ಅದರಲ್ಲಿ ದೂರೇನೂ ಇರಲಿಲ್ಲ.

ಒಂದು ಭಾನುವಾರ ಅವರ ಜೊತೆ ಅವರು ಕೆಲಸ ಮಾಡುವ ರೇಷ್ಮೆ ಘಟಕಕ್ಕೆ ಹೋದೆ. ಖಾಲಾ ಹುಲ್ಲಿನ ಕುಂಚದಿಂದ ಬೆಂದ ಗೂಡುಗಳ ಮೇಲೆ ಎಡಕ್ಕೆ ಬಲಕ್ಕೆ ಸವರುತ್ತಿದ್ದರು, ಬೆರಳೂ ಬಿಸಿನೀರಿನಲ್ಲೇ ಇತ್ತು. ಎಳೆಯ ತುದಿ ಕುಂಚಕ್ಕೆ ಹತ್ತಿಕೊಂಡ ಮೇಲೆ ಎತ್ತಿ ಚರಕಕ್ಕೆ ಕೊಡಬೇಕು. ಆ ಎಡಕ್ಕೆ ಬಲಕ್ಕೆ ನೋಡುತ್ತ ನಿಂತವಳಿಗೆ ಕಾರಿನ ಗಾಜು ಒರೆಸುವ ವೈಪರ್ ನೆನಪಾಯಿತು. ಅದರ ಮೋಟಾರು ಬ್ಯಾಟರಿಯಲ್ಲಿ ಓಡುತ್ತದೆ. ಕರೆಂಟು ಹೋದರೂ ನಿಲ್ಲುವುದಿಲ್ಲ.

ಗುಜರಿಯಲ್ಲಿ ಒಂದು ಹಳೇ ಮೋಟಾರು ಹುಡುಕಿ, ಕಬ್ಬಿಣದ ಪಟ್ಟಿಗೆ ಕುಂಚ ಕಟ್ಟಿ, ತಿಂಗಳೊಪ್ಪತ್ತಿನಲ್ಲಿ ಯಂತ್ರವೊಂದನ್ನು ಮಾಡಿದೆ. ಘಟಕದ ಯಜಮಾನರು ಖಾಲಾಳ ಮುಖ ನೋಡಿ ಗೂಡು ಬೇಯಿಸುವ ಒಂದು ಬೇಸಿನ್ ಬಿಟ್ಟುಕೊಟ್ಟರು. ಗುಂಡಿ ಒತ್ತಿದೆ. ಕುಂಚ ಗೂಡುಗಳನ್ನು ಜಜ್ಜಿ, ಎಳೆಯೆಲ್ಲ ಸಿಕ್ಕುಸಿಕ್ಕಾಗಿ, ನೀರಿನ ಮೇಲೆ ಹತ್ತಿಯ ಮುದ್ದೆಯಂತೆ ತೇಲಿತು. ಯಜಮಾನರು ಬೈಯಲಿಲ್ಲ, ಅದನ್ನು ಎತ್ತಿಕೊಂಡು ಹೋಗಮ್ಮ ಅಂದರು ಅಷ್ಟೆ. ಅದೇ ಹೆಚ್ಚು ನಾಟಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಖಾಲಾ ಒಂದು ಬಟ್ಟಲು ನೀರು, ಮುರಿದ ಪೊರಕೆಯ ತುಂಡು ಹಿಡಿದು ಒಳಗೆ ಬಂದರು. ನನ್ನ ಮಣಿಕಟ್ಟು ಹಿಡಿದು ಪೊರಕೆಯನ್ನು ನೀರಿನ ಮೇಲೆ ಆಡಿಸಿದರು.

"ಒತ್ತಬಾರದು ಬೇಟಿ. ಹಸುಗೂಸಿನ ತಲೆ ಬಾಚ್ತೀಯಲ್ಲ, ಹಾಗೆ. ಹೋಗುವಾಗ ಮುಟ್ಟು, ಬರುವಾಗ ಒಸಿ ಎತ್ತು."

ಎತ್ತುವುದು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮೂರು ವರ್ಷದ ಡಿಪ್ಲೊಮಾದಲ್ಲಿ ಕಲಿತದ್ದನ್ನೆಲ್ಲ ಆ ಒಂದು ಎತ್ತುವಿಕೆಗೆ ಖರ್ಚು ಮಾಡಿದೆ. ಪುಲ್ಲಿ ಹಾಕಿ ವೇಗ ಇಳಿಸಿದೆ, ಕೀಲು ಬದಲಿಸಿದೆ, ಸ್ಪ್ರಿಂಗು ಕಟ್ಟಿದೆ. ಪ್ರತಿ ಸಲವೂ ಖಾಲಾ ಪಕ್ಕದಲ್ಲಿ ಕೂತು, ಇನ್ನೂ ಒರಟು, ಇನ್ನೂ ಒರಟು ಅನ್ನುತ್ತಿದ್ದರು. ಐದನೇ ಸಲ, ಕುಂಚಕ್ಕೆ ಹತ್ತಿದ ಎಳೆಗಳನ್ನು ನೀರಿಗೆ ಕೈ ಹಾಕದೆ ಆಚೆಗೇ ಬಿಡಿಸಿ ಚರಕಕ್ಕೆ ಕೊಟ್ಟರು. ಎಳೆ ತುಂಡಾಗದೆ ಓಡಿತು. ಯಜಮಾನರು ಮೊದಲೊಂದು ಬೇಸಿನ್ನಿಗೆ, ಆಮೇಲೆ ಎಲ್ಲಕ್ಕೂ ಬೇಕೆಂದರು.

ನನ್ನ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು ಇದನ್ನು ಕೇಳಿ, ಬೆಂಗಳೂರಿನಲ್ಲಿ ಹೊಸ ಉದ್ದಿಮೆಗಳ ಸಮಾವೇಶ ಇದೆ, ಸ್ಪರ್ಧೆಯೂ ಇದೆ, ಹೋಗಿ ಎಂದು ನನ್ನ, ಖಾಲಾಳ ಹೆಸರು ಕಳಿಸಿದರು. ಸ್ಟಾರ್ಟ್‌ಅಪ್ ಎಂಬ ಮಾತು ನಮ್ಮ ಕಡೆ ಆಗಿನ್ನೂ ಬಂದಿರಲಿಲ್ಲ. ಎಲ್ಲರ ಮೇಜಿನ ಮೇಲೂ ಕಂಪ್ಯೂಟರು. ನಮ್ಮದರ ಮೇಲೆ ಸ್ಟವ್, ಬೇಸಿನ್, ಬೇಯುವ ಗೂಡಿನ ವಾಸನೆ. ಮೂಗು ಮುಚ್ಚಿಕೊಂಡು ದಾಟಿ ಹೋದವರೇ ಕುಂಚ ಆಡುವುದನ್ನು ಕಂಡು ತಿರುಗಿ ಬಂದರು. ತೀರ್ಪುಗಾರರೊಬ್ಬರು, ಇದು ಯಾವ ಕಾಲೇಜಿನ ಸಂಶೋಧನೆ ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟದ್ದು ಖಾಲಾ.

"ಕಾಲೇಜು ನಾನು ನೋಡಿಲ್ಲ ಸಾರ್. ಮೂವತ್ತು ವರ್ಷ ಬಿಸಿನೀರು ನೋಡಿದೀನಿ. ಮೋಟಾರು ಇವಳದು, ಕೆಲಸ ನಂದು."

ಬಹುಮಾನ ಬರಲಿಲ್ಲ. ಆದರೆ ಆ ಮಾತು ಹೇಳುವಾಗ ಅವರು ನಿಂತಿದ್ದ ರೀತಿ ನೆನೆದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಅಲ್ಲಿಗೆ ಬಂದಿದ್ದ, ರೇಷ್ಮೆ ಬಿಚ್ಚುವ ಘಟಕವಿಟ್ಟಿದ್ದ ಕನಕಪುರದವರೊಬ್ಬರು ನಾಲ್ಕು ಯಂತ್ರ ಬೇಕೆಂದರು. ಕಾರ್ಖಾನೆ ಕೆಲಸ ಬಿಟ್ಟು ಹಾರೋಹಳ್ಳಿಯಲ್ಲಿ ಶೆಡ್ಡು ಹಿಡಿದೆ. ಹೊಸ ಕೆಲಸಗಾರರಿಗೆ ಕುಂಚ ಹೇಗೆ ಆಡಬೇಕೆಂದು ಹೇಳಿಕೊಡುವುದು ಖಾಲಾಳ ಪಾಲಿಗೆ ಬಂತು.

ಎರಡು ವರ್ಷದ ಮೇಲೆ, ಮಾಗಡಿಯಲ್ಲಿ ಯಾರೋ ವೆಲ್ಡಿಂಗ್ ಅಂಗಡಿಯವನು ನಮ್ಮ ಯಂತ್ರವನ್ನೇ ನಕಲು ಮಾಡಿ ಮಾರುತ್ತಿದ್ದಾನೆಂದು ಸುದ್ದಿ ಬಂತು. ಜಗಳಕ್ಕೆಂದೇ ಬಸ್ಸು ಹತ್ತಿದೆ. ಅವನು ನನ್ನನ್ನು ಗಿರಾಕಿ ಅಂದುಕೊಂಡು ಒಳಗೆ ಕರೆದು, ನನ್ನ ಯಂತ್ರವನ್ನು ನನಗೇ ವಿವರಿಸತೊಡಗಿದ.

"ಮೊದ್ಲಿನದ್ರಲ್ಲಿ ಸ್ವಿಚ್ಚು ಮ್ಯಾಗಿತ್ತು ಅಕ್ಕ. ಒದ್ದೆ ಕೈಲಿ ಒತ್ತಿ ಒತ್ತಿ ತುಕ್ಕು ಹಿಡೀತಿತ್ತು. ನಾನು ಕಾಲ್ಗೆ ಇಟ್ಟಿವ್ನಿ, ನೋಡಿ."

ತುಳಿದು ನೋಡಿದೆ. ನನಗೆ ಹೊಳೆಯದೆ ಹೋದದ್ದು ಅದು. ಜಗಳ ಮರೆತು ಇನ್ನೆರಡು ಸಲ ತುಳಿದೆ. ಇದನ್ನು ಮೊದಲು ಮಾಡಿದವರು ಯಾರು ಗೊತ್ತೇ ಎಂದು ಕೇಳಿದೆ.

"ರಾಮನಗರದಾಗೆ ರೇಷ್ಮೆ ಬಿಚ್ಚೋ ಒಬ್ಬರು ಅಮ್ಮ ಅಂತೆ. ಜೊತೇಲಿ ಯಾವ್ದೋ ಹುಡುಗೀನೂ ಇತ್ತಂತೆ."

ಆ ಹುಡುಗಿ ನಾನೇ ಎಂದಾಗ ಅವನು ಪೆಚ್ಚಾಗಿ ಸ್ಟೂಲು ಒರೆಸಿ ಕೊಟ್ಟ. ಕಾಲಿನ ಸ್ವಿಚ್ಚು ನಮಗೂ ಮಾಡಿಕೊಡಪ್ಪ ಅಂದೆ. ಅಂದಿನಿಂದ ಸ್ವಿಚ್ಚು ಅವನದು, ಕುಂಚದ ತೋಳು ನಮ್ಮದು. ದೇಶದ ಹೊಸ ಉದ್ದಿಮೆಗಳ ಬಗ್ಗೆ ಟೀವಿಯಲ್ಲಿ ದೊಡ್ಡವರು ಮಾತಾಡುವಾಗ ನನಗೆ ಕಾಣುವುದು ಮಾಗಡಿಯ ಆ ಅಂಗಡಿ. ಆ ದೇಶದಲ್ಲಿ ನಮ್ಮ ಓಣಿಯೂ ಸೇರಿದೆ ಎಂದು ಧೈರ್ಯವಾಗಿ ಅಂದುಕೊಳ್ಳುತ್ತೇನೆ.

ಮಾಗಡಿಯಿಂದ ಬಂದ ಮಾರನೇ ದಿನ, ಮೊದಲು ಮಾಡಿದವರು ರಾಮನಗರದ ಅಮ್ಮ ಎಂದು ಅವನಂದದ್ದನ್ನು ಖಾಲಾಳಿಗೆ ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ತಲೆಗೆ ಸೆರಗು ಎಳೆದುಕೊಂಡು ಓಣಿಯಲ್ಲಿ ತಾವೇ ಹೇಳಲು ಹೊರಟರು. ನಾಲ್ಕನೇ ಮನೆ ಮುಟ್ಟುವಷ್ಟರಲ್ಲಿ ಅವರ ಮಾತಿನಲ್ಲಿ ಮಾಗಡಿ ಹೋಗಿ ಮೈಸೂರಾಗಿತ್ತು. ನಾನು ತಿದ್ದಲಿಲ್ಲ.