ಕುಂಚಿಗೆಯ ಮೇಲಿನ ಗೋಪುರ

ಇತಿಹಾಸ ಬೇಕೋ ಬೇಡವೋ ಎಂಬುದನ್ನು ವಿದ್ಯಾರ್ಥಿಗಳೇ ತೀರ್ಮಾನಿಸಲಿ ಎಂದು ನಮ್ಮ ಕಾಲೇಜಿನ ಆಡಳಿತದವರು ಒಂದು ವರ್ಷ ಹೇಳಿಬಿಟ್ಟರು. ಯಲಹಂಕದ ಡಿಸೈನ್ ಕಾಲೇಜು ಅದು. ನಾನು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೆ. ಅಲ್ಲಿಯವರೆಗೆ ನನ್ನ ಮಾಡ್ಯೂಲ್ ಕಡ್ಡಾಯವಾಗಿತ್ತು. ತರಗತಿ ಯಾವಾಗಲೂ ತುಂಬಿರುತ್ತಿತ್ತು, ಅದಕ್ಕೆ ನನ್ನ ಮಾತಿನ ಸೊಗಸೇ ಕಾರಣ ಎಂದು ನಾನು ನಂಬಿಕೊಂಡಿದ್ದೆ. ಕಡ್ಡಾಯ ತೆಗೆದದ್ದೇ ತಡ, ಹೆಸರು ಕೊಟ್ಟವರು ನಾಲ್ಕು ಜನ. ಅವರಲ್ಲೂ ಒಬ್ಬ ತಪ್ಪು ಕಾಲಮಿನಲ್ಲಿ ಟಿಕ್ ಹಾಕಿದ್ದನಂತೆ.

ಡೀನ್ ನನ್ನನ್ನು ಕರೆಸಿದರು. "ಒಂದು ದಾರಿ ಇದೆ ಸರ್. ಹಿಸ್ಟರಿ, ಕ್ರಿಯೇಟಿವ್ ಕಂಪ್ಯೂಟಿಂಗ್, ಟೆಕ್ಸ್‌ಟೈಲ್ ಡಿಸೈನ್, ಮೂರೂ ಸೇರಿಸಿ ಈ ಸೆಮಿಸ್ಟರ್ ಒಂದೇ ಕ್ಲಾಸ್ ಮಾಡಿ. ಕೊನೇಲಿ ಮುಂದಿನ ವರ್ಷದ ಫಾರ್ಮ್ ಕೊಡ್ತೀವಿ. ಹಿಸ್ಟರಿಗೆ ಹದಿನೈದು ಜನ ಬರ್ಲಿಲ್ಲ ಅಂದ್ರೆ ಕ್ಲೋಸ್ ಮಾಡ್ಬೇಕಾಗುತ್ತೆ. ಆಮೇಲೆ ನೀವು ಅಡ್ಮಿಷನ್ ಸೆಕ್ಷನ್ನಿಗೆ ಬಂದ್ಬಿಡಿ. ನಿಮ್ಮ ಧ್ವನಿ ಫೋನಿಗೆ ತುಂಬಾ ಚೆನ್ನಾಗಿದೆ."

ಆ ಹೊಗಳಿಕೆ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಹಾಗೆ ನಾವು ಮೂವರು ಒಂದೇ ಕೋಣೆಗೆ ಬಂದು ಬಿದ್ದೆವು. ಕಂಪ್ಯೂಟಿಂಗ್ ಕಲಿಸುವವನು ಇಪ್ಪತ್ತೆಂಟರ ಹುಡುಗ. ಏನು ಕೇಳಿದರೂ "ಸಿಂಪಲ್ ಸರ್" ಎನ್ನುತ್ತಿದ್ದ. ಟೆಕ್ಸ್‌ಟೈಲ್ ಮೇಡಂ ಯಲಹಂಕದಲ್ಲೇ ಹುಟ್ಟಿ ಬೆಳೆದವರು, ಮಹಾ ಖಡಕ್ಕು. ನಾನು ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದನ್ನು ನೋಡಿ ಮೊದಲ ದಿನವೇ ಒಂದು ಚೌಕ ಬಟ್ಟೆ, ಸೂಜಿ, ದಾರ ತಂದು ನನ್ನ ಮುಂದಿಟ್ಟರು.

"ನಾನು ಯಾಕೆ ಮೇಡಂ?"

"ನೀವೂ ಹೊಲೀಬೇಕು ಸರ್. ಇಲ್ಲಿ ಸುಮ್ನೆ ನೋಡೋರಿಗೆ ಜಾಗ ಇಲ್ಲ."

ಅವರು ಆರಿಸಿಕೊಂಡದ್ದು ಧಾರವಾಡ ಕಡೆಯ ಕಸೂತಿ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಅದರ ಕಾನೂನು ಎರಡೇ. ದಾರಕ್ಕೆ ಎಲ್ಲಿಯೂ ಗಂಟು ಹಾಕುವಂತಿಲ್ಲ. ಮುಂದೆ ಕಂಡ ಚಿತ್ರವೇ ಹಿಂದೆಯೂ ಕಾಣಬೇಕು. ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತಾ ಹೋಗುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಬರುತ್ತದೆ. ಕೇಳುವುದಕ್ಕೆ ಇಷ್ಟೇ. ಧಾರವಾಡದಲ್ಲಿ ಹುಟ್ಟಿದವನಾದ ನಾನು ಮೊದಲ ಗಂಟೆಯಲ್ಲೇ ಬಟ್ಟೆಯನ್ನು ನನ್ನ ಅಂಗಿಯ ತೋಳಿಗೆ ಸೇರಿಸಿ ಹೊಲಿದುಕೊಂಡಿದ್ದೆ. ಹುಡುಗಿಯರು ಕತ್ತರಿ ತಂದು ಬಿಡಿಸಿದರು.

ಮರುವಾರ ಕಂಪ್ಯೂಟರ್ ಹುಡುಗ ಐದೇ ನಿಮಿಷದಲ್ಲಿ ಪರದೆಯ ಮೇಲೆ ಕಸೂತಿಯ ಗೋಪುರವೊಂದನ್ನು ಬಿಡಿಸಿ ತೋರಿಸಿದ. ತರಗತಿ ಚಪ್ಪಾಳೆ ತಟ್ಟಿತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಆ ಚಪ್ಪಾಳೆಯಲ್ಲಿ ನನ್ನ ಹದಿನೈದು ಜನ ಕೈಬಿಟ್ಟು ಹೋಗುತ್ತಿರುವುದು ಕಾಣುತ್ತಿತ್ತು. ಆದರೆ ಕಂಪ್ಯೂಟರು ಗೆರೆ ಎಳೆದ ಕ್ರಮದಲ್ಲೇ ಒಬ್ಬ ಹುಡುಗಿ ಹೊಲಿಯಲು ಕೂತಾಗ ಗುಟ್ಟು ರಟ್ಟಾಯಿತು. ಅದು ಅಡ್ಡಗೆರೆಗಳನ್ನೆಲ್ಲ ಮೊದಲು ಎಳೆದು, ಆಮೇಲೆ ಉದ್ದಗೆರೆಗಳಿಗೆ ಹೋಗಿತ್ತು. ಪರದೆಯ ಪೆನ್ನು ಇಲ್ಲಿಂದ ಎದ್ದು ಅಲ್ಲಿಗೆ ಹಾರಬಹುದು, ದಾರ ಹಾರಲಾರದು. ಬಟ್ಟೆ ತಿರುಗಿಸಿ ನೋಡಿದರೆ ಹಿಂಬದಿಯೆಲ್ಲ ಸಿಕ್ಕುಗಟ್ಟಿದ ಕೂದಲು.

"ಸಿಂಪಲ್ ಅಲ್ಲ ಸರ್," ಎಂದು ಆ ಹುಡುಗ ಮೊದಲ ಸಲ ಒಪ್ಪಿಕೊಂಡ. ನನಗೆ ಅವನ ಮೇಲೆ ಅವತ್ತಿನಿಂದ ಪ್ರೀತಿ ಹುಟ್ಟಿತು.

ಸಿಕ್ಕ ಅವಕಾಶ ಬಿಡಬಾರದೆಂದು ನಾನು ಮನೆಯಿಂದ ಒಂದು ಕುಂಚಿಗೆ ತಂದೆ. ಎಳೆಗೂಸಿನ ತಲೆ, ಬೆನ್ನು ಎರಡೂ ಮುಚ್ಚುವ ಹಾಗೆ ಹೊದಿಸುವ ಟೋಪಿಯಂಥ ಬಟ್ಟೆ ಅದು. ಕಡುಗೆಂಪು ಬಟ್ಟೆಯ ಮೇಲೆ ಹಳದಿ ದಾರದ ಗೋಪುರ. ಮುತ್ತಜ್ಜಿಯ ಟ್ರಂಕಿನ ತಳದಲ್ಲಿ ಸಿಕ್ಕಿತ್ತು, ಆದ್ದರಿಂದ ಮುತ್ತಜ್ಜಿಯ ಕಾಲದ್ದು. ನಾನು ಅದನ್ನು ಎತ್ತಿ ಹಿಡಿದು ಮುಕ್ಕಾಲು ಗಂಟೆ ಮಾತಾಡಿದೆ. ದೇವಾಲಯ ವಾಸ್ತುವಿನ ನೆನಪು ಹೆಣ್ಣುಮಕ್ಕಳ ಸೂಜಿಯಲ್ಲಿ ಹೇಗೆ ಉಳಿದು ಬಂತು ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದೆ. "ಗೋಪುರ ವಿನ್ಯಾಸ. ಸುಮಾರು ನೂರು ವರ್ಷ ಹಿಂದಿನದು" ಎಂದು ಚೀಟಿ ಬರೆದು ಅಂಟಿಸಿ ಕುಂಚಿಗೆಯನ್ನು ಗೋಡೆಗೆ ತೂಗುಹಾಕಿದೆ. ಹಿಂದಿನ ಬೆಂಚಿನವರೂ ಬರೆದುಕೊಳ್ಳುತ್ತಿದ್ದರು. ಬಹಳ ಖುಷಿಯಾಯಿತು.

ಮೇಡಂ ಮಾತ್ರ ಕುಂಚಿಗೆಯನ್ನು ಮುಂದೆ ಹಿಂದೆ ತಿರುಗಿಸಿ ನೋಡುತ್ತಲೇ ಇದ್ದರು. "ದಾರ ಎಲ್ಲಿ ಒಳಗೆ ಹೋಯ್ತು, ಎಲ್ಲಿ ಹೊರಗೆ ಬಂತು, ನನಗೇ ಸಿಗ್ತಿಲ್ಲ ಕಣ್ರೀ. ಗೊತ್ತಿರೋರು ಯಾರಾದ್ರೂ ಬಂದು ಹೇಳಿಕೊಟ್ರೆ ಇವರು ಪ್ರೋಗ್ರಾಂ ಸರಿ ಮಾಡ್ಕೋಬಹುದು."

ಗೊತ್ತಿರುವವಳು ಅಬ್ಬಿಗೆರೆಯ ನಮ್ಮ ಮನೆಯಲ್ಲೇ ಇದ್ದಳು: ನನ್ನ ಅವ್ವ. ಎಪ್ಪತ್ತಾರು ವರ್ಷ, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಕಾಲೇಜಿಗೆ ಬಾ ಎಂದಾಗ, "ಅಲ್ಲೇನ್ ಮಾಡ್ಲೋ ನಾ?" ಎಂದು ನಕ್ಕಳು. ಆದರೂ ಹೇಳಿದ ದಿನ ನನಗಿಂತ ಮೊದಲೇ ಇಳಕಲ್ ಸೀರೆಯುಟ್ಟು ಮನೆಯ ಗೇಟಿನ ಹತ್ತಿರ ನಿಂತಿದ್ದಳು. ಯಲಹಂಕ ಎಂದಷ್ಟೇ ಹೇಳಿ ಹತ್ತಿದ್ದೆವು, ಎಂ.ಎಸ್. ಪಾಳ್ಯದ ಸಿಗ್ನಲ್ಲಿನಲ್ಲಿ ಆಟೋದವನು ಹಿಂದಕ್ಕೆ ತಿರುಗಿ, "ಯಾವ್ ಆಸ್ಪತ್ರೆ ಅಜ್ಜಿ?" ಎಂದು ಕೇಳಿದ.

"ಆಸ್ಪತ್ರಿ ಅಲ್ಲಪಾ. ಕಾಲೇಜು."

"ಓಹೋ! ಯಾವ್ ಇಯರ್ ಅಜ್ಜಿ?"

ಕಾಲೇಜು ಬರುವವರೆಗೂ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ತರಗತಿಯಲ್ಲಿ ಹುಡುಗರು ತಮ್ಮ ತಮ್ಮ ಬಟ್ಟೆ ಹಿಡಿದು ಸಾಲಾಗಿ ಬಂದರು. ಅವ್ವ ಒಂದೊಂದನ್ನೂ ಕೈಗೆ ಬಂದ ಕೂಡಲೇ ತಿರುಗಿಸಿ ಹಿಂಬದಿ ನೋಡುತ್ತಿದ್ದಳು. "ಅಜ್ಜಿ, ಡಿಸೈನ್ ಈ ಕಡೆ ಇದೆ," ಎಂದು ಒಬ್ಬಳು ಹೇಳಿದ್ದಕ್ಕೆ, "ಅದನ್ನ ಆಮ್ಯಾಲೆ ನೋಡೂಣು ತಂಗಿ," ಎಂದಳು. ಚೆನ್ನಾಗಿದ್ದರೆ ಬೆನ್ನು ತಟ್ಟುವಳು, ಕೆಟ್ಟದಾಗಿದ್ದರೆ ಅಲ್ಲೇ ಕೂರಿಸಿ ಬಿಚ್ಚಿಸುವಳು. ಮೇಜಿನ ಮೇಲಿನ ರಾಶಿಯ ಅಡಿಯಲ್ಲಿ ಇನ್ನೊಂದು ಬಟ್ಟೆ ಸಿಕ್ಕಿತು. ತಿರುಗಿಸಿದಳು. ಮೂಗಿನ ಹತ್ತಿರ ಹಿಡಿದಳು.

"ಇದನ್ಯಾರ್ ಹೊಲದಾರ? ಗಂಟು ಹಾಕಿ ಮ್ಯಾಲೆ ಗೋಂದು ಹಚ್ಚ್ಯಾನ. ಕಳ್ಳ ಇದ್ದಾನ ಇಂವ."

ಅರವತ್ತು ಕಣ್ಣು ನನ್ನ ಕಡೆ ತಿರುಗಿದವು. ಆಮೇಲೆ ಎದ್ದ ನಗೆಗೆ ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ಇಣುಕಿದರು.

ನಗು ಇನ್ನೂ ನಿಂತಿರಲಿಲ್ಲ, ಅವ್ವನ ಕಣ್ಣು ಗೋಡೆಯ ಮೇಲಿನ ಕುಂಚಿಗೆಯ ಮೇಲೆ ಬಿತ್ತು. ಎದ್ದು ಹತ್ತಿರ ಹೋದಳು. ಕನ್ನಡಕ ಸರಿಮಾಡಿಕೊಂಡು ನನ್ನ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ನೂರು ವರ್ಷ? ಯಾರ್ ಬರದಾರೋ ಇದನ್ನ?"

"ನಾನೇ ಅವ್ವ. ಮುತ್ತಜ್ಜಿ ಟ್ರಂಕಿನಲ್ಲಿತ್ತಲ್ಲ..."

"ಟ್ರಂಕ್ ಆಕೀದು. ಕುಂಚಿಗಿ ನಿಂದು. ನೀ ಹೊಟ್ಟ್ಯಾಗಿದ್ದಾಗ ನಾನs ಹೊಲದದ್ದು."

ನನ್ನ ವಯಸ್ಸು ಐವತ್ತೆರಡು ಎಂಬುದು ವಿದ್ಯಾರ್ಥಿಗಳಿಗೆಲ್ಲ ಗೊತ್ತಿತ್ತು. ಯಾರೋ ಒಬ್ಬ ಮೆಲ್ಲಗೆ, "ನಲವತ್ತೆಂಟು ವರ್ಷ ಎಕ್ಸ್‌ಟ್ರಾ ಮಗಾ," ಎಂದ. ನಾನು ಗೋಪುರವನ್ನಾದರೂ ಉಳಿಸಿಕೊಳ್ಳೋಣವೆಂದು, "ಆದರೆ ಈ ಗೋಪುರ ಹಳೆಯ ನಮೂನೆಯೇ ತಾನೇ?" ಎಂದೆ.

"ಎಲ್ಲಿ ಗೋಪುರೋ? ನೀರಿನ ಟಾಕಿ ಅದು."

ಅವ್ವ ಬೆರಳಿಟ್ಟು ತೋರಿಸತೊಡಗಿದಳು. ಇವು ನಾಲ್ಕು ಕಾಲು. ಇದು ಹತ್ತುವ ಏಣಿ. ಇದು ಮೇಲಿನ ಗಡಿಗೆ. ನಾನು ಕಳಸವೆಂದು ಬಾಣ ಎಳೆದು ತೋರಿಸಿದ್ದು ಟಾಕಿಯ ಮುಚ್ಚಳವಾಗಿತ್ತು.

"ಆರು ತಿಂಗಳ ತುಂಬಿತ್ತು ನನಗ," ಎಂದು ಅವ್ವ ಹುಡುಗಿಯರ ಕಡೆ ತಿರುಗಿ ಹೇಳಿದಳು. "ಎರಡೆರಡು ಕೊಡಾ ಹೊತ್ತು ಬಾವಿಯಿಂದ ದಿಬ್ಬಾ ಹತ್ತತಿದ್ದೆ. ಆವಾಗ ಟಾಕಿ ಕಟ್ಟಿದ್ರು, ಓಣಿಗೆ ನಳಾ ಬಂತು. ಮೊದಲನೇ ದಿನಾ ನಳದ ಕೆಳಗ ಕೊಡಾ ಇಟ್ಟು ನೋಡ್ಕೋತs ನಿಂತಿದ್ದೆ. ತುಂಬಿ ಹೊರಗ ಚೆಲ್ಲಿದ್ರೂ ಬಂದ್ ಮಾಡ್ಲಿಲ್ಲ. ಅತ್ತಿ ಬೈದ್ರು. ಎಲ್ಲಾರೂ ತೇರು, ಆನಿ ಹೊಲೀತಿದ್ರು. ನಾ ಟಾಕಿ ಹೊಲದೆ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿ ಬಂತು. ಸಿಕ್ಕ ಜಾಗದಿಂದ ಕಾಲ ನಿರ್ಧರಿಸಬೇಡಿ, ಸಾಕ್ಷಿ ಇದ್ದರೆ ಮೊದಲು ಕೇಳಿ ಎಂದು ಇಪ್ಪತ್ತೆರಡು ವರ್ಷ ಮಕ್ಕಳ ಉತ್ತರ ಪತ್ರಿಕೆಗಳಿಗೆ ಕೆಂಪು ಗೆರೆ ಎಳೆದವನು ನಾನು. ನನ್ನ ಸಾಕ್ಷಿ ದಿನಾ ಬೆಳಿಗ್ಗೆ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದಳು. ನಾನು ಎದ್ದು ಚೀಟಿ ಹರಿದು, ಎಲ್ಲರ ಎದುರು, "ನಾನು ಹೇಳಿದ್ದು ಪೂರ್ತಿ ತಪ್ಪು. ನೀವು ಬರೆದುಕೊಂಡದ್ದನ್ನು ಹೊಡೆದುಹಾಕಿ," ಎಂದೆ. ಅವತ್ತಿನಷ್ಟು ಹುರುಪಿನಿಂದ ಅವರು ನನ್ನ ಮಾತು ಎಂದೂ ಪಾಲಿಸಿರಲಿಲ್ಲ.

ಕಂಪ್ಯೂಟರ್ ಹುಡುಗ ಕುರ್ಚಿ ಎಳೆದುಕೊಂಡು ಅವ್ವನ ಪಕ್ಕ ಕೂತ. ಪ್ರೋಗ್ರಾಮಿಗೆ ಹೊಸ ಕಾನೂನು ಬರೆದ: ಪೆನ್ನು ಎತ್ತುವಂತಿಲ್ಲ, ಪ್ರತಿ ಗೆರೆಯ ಮೇಲೂ ಎರಡೇ ಸಲ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ. ಪರದೆಯ ಮೇಲೆ ಹಳದಿ ಚುಕ್ಕೆ ಟಾಕಿಯ ಬುಡದಿಂದ ಹೊರಟಿತು. ಅವ್ವ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ತಡಿ ತಡಿ! ಈ ಕಾಲು ಬಿಟ್ಟು ಮುಂದ ಹೊಂಟತಲ್ಲ. ಆಮ್ಯಾಲೆ ಅಲ್ಲಿಗೆ ಹೆಂಗ ಬರ್ತದ? ಕಾಲು ಮುಗಿಸಿ ಬಾ ಅನ್ನು ಅದಕ್ಕ."

ಅವನು ಅಂದ. ನಾಲ್ಕನೆಯ ಸಲಕ್ಕೆ ಚುಕ್ಕೆ ಎಲ್ಲ ಕಾಲುಗಳಿಗೂ ಹೋಗಿ, ಏಣಿ ಹತ್ತಿ, ಗಡಿಗೆ ಸುತ್ತಿ, ಬಂದ ದಾರಿಯಲ್ಲೇ ಇಳಿದು ಹೊರಟ ಜಾಗಕ್ಕೆ ಬಂದು ನಿಂತಿತು. ಅವ್ವ ಚಪ್ಪಾಳೆ ತಟ್ಟಿದಳು. ಮೇಡಂ ಕೂಡ ತಟ್ಟಿದರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ಮೂರು ವಾರ ಹುಡುಗರು ತಮ್ಮ ತಮ್ಮ ಅಜ್ಜಿ, ಅತ್ತೆ, ಮನೆ ಓನರಮ್ಮಂದಿರನ್ನು ಕೇಳಿ ಬಂದು ಹೊಸ ನಮೂನೆ ಹೊಲಿದರು. ಹೆಬ್ಬಾಳದ ಫ್ಲೈಓವರ್ ಆಯಿತು, ಚಿಕ್ಕಜಾಲದಲ್ಲಿ ಯಾರದೋ ಮನೆಗೆ ಮೊದಲು ಬಂದ ಟಿವಿಯ ಆಂಟೆನಾ ಆಯಿತು.

ಫಾರ್ಮಿನ ದಿನ ನಾನು ಆಫೀಸಿನ ಬೆಂಚಿನ ಮೇಲೆ ಪರೀಕ್ಷೆ ಬರೆದವನ ಹಾಗೆ ಕೂತಿದ್ದೆ. ಗುಮಾಸ್ತರು ಎಣಿಸಿ, ಮತ್ತೊಮ್ಮೆ ಎಣಿಸಿ, "ಇಪ್ಪತ್ಮೂರು ಸಾರ್," ಎಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು. 'ಈ ಮಾಡ್ಯೂಲ್ ಏಕೆ ಆರಿಸಿದಿರಿ' ಎಂಬ ಸಾಲಿನ ಕೆಳಗೆ ಹೆಚ್ಚಿನವರು ಏನೇನೋ ಒಳ್ಳೆಯ ಮಾತು ಬರೆದಿದ್ದರು. ಒಬ್ಬಳು ಮಾತ್ರ ಬರೆದಿದ್ದಳು: "ಮುಂದಿನ ವರ್ಷ ಸರ್ ಇನ್ನೇನು ತಪ್ಪು ಹೇಳ್ತಾರೆ, ಅದನ್ನ ನಾವೇ ಕಂಡುಹಿಡೀಬೇಕು."

ಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು, "ನನ್ನ ಕೇಳದs ಇನ್ನೂ ಏನೇನ್ ಹೇಳೀಯೋ ಊರಿಗೆಲ್ಲಾ?" ಎಂದಳು.

ನಾನು ಒಳಗೆ ಹೋಗಿ ಹೊಸ ನೋಟ್‌ಬುಕ್ಕು, ಪೆನ್ನು ತಂದು ಅವಳ ಎದುರು ನೆಲದ ಮೇಲೆ ಕೂತೆ. ಐವತ್ತೆರಡು ವರ್ಷದಲ್ಲಿ ಅದೇ ಮೊದಲ ಸಲ. ಅವ್ವ ನನ್ನನ್ನೂ ನೋಟ್‌ಬುಕ್ಕನ್ನೂ ನೋಡಿದಳು, ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿದಳು. "ಬರಕೋ," ಎಂದಳು.