ಎರಿ ಮಣ್ಣು, ಕೌದಿ ಮತ್ತು ನನ್ನ ವಾಷಿಂಗ್ ಮಷಿನ್

ಮಷಿನ್ನಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಬಟ್ಟೆಯೇ ಕಾಣಲಿಲ್ಲ. ಕಪ್ಪು ಅಂಟಿನ ಮುದ್ದೆಯೊಂದು ಕೂತಿತ್ತು. ಅದರೊಳಗೆಲ್ಲೋ ನಮ್ಮವರ ಪ್ಯಾಂಟುಗಳಿದ್ದವು. ನೀರು ಹೋಗುವ ಕೊಳವೆ ಕಟ್ಟಿಕೊಂಡಿತ್ತು, ಚಕ್ರ ನರಳುತ್ತಿತ್ತು. ಬಯಲುಸೀಮೆಯ ಹಡಗಲಿಗೆ ಬಂದು ಸಂಸಾರ ಹೂಡಿದ ಮೊದಲ ಮಳೆಗಾಲ ಅದು. ನಮ್ಮ ಕುಂದಾಪುರದ ಕೆಂಪು ಮಣ್ಣು ಕಲೆ ಉಳಿಸಿದರೂ ನೀರು ಕಂಡರೆ ಬಿಟ್ಟುಹೋಗುತ್ತದೆ. ಇಲ್ಲಿನವರು ಎರಿ ಎನ್ನುವ ಈ ಕಪ್ಪು ಮಣ್ಣು ನೀರು ತಗುಲಿದರೆ ಇನ್ನಷ್ಟು ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ.

ನಮ್ಮವರಿಗೆ ಹೊಲಗಳಲ್ಲಿ ವಿದ್ಯುತ್ ಕಂಬ ನೆಡಿಸುವ ಕೆಲಸ. ಹತ್ತಿರದ ಹೊಳಲು ಊರಿನ ಕಡೆ ಹೋಗಿ ಬಂದರೆಂದರೆ ಮೊಣಕಾಲಿನವರೆಗೆ ಎರಿ ಮೆತ್ತಿರುತ್ತಿತ್ತು. ಮುಂಬಯಿಯ ಅಣ್ಣ ಮದುವೆಗೆ ಕೊಟ್ಟ ಮಷಿನ್ ಇರುವಾಗ ನನಗೇನು ಚಿಂತೆ ಎಂದು ಬೀಗಿದ್ದೆ. ಆ ಜಂಬ ಇಳಿಸಿದವಳು ಪಕ್ಕದ ಮನೆಯ ಕೊಟ್ರಮ್ಮ. ಹಿತ್ತಿಲ ಮೋಟುಗೋಡೆಯ ಮೇಲಿಂದ ಇಣುಕಿ ನಕ್ಕಳು.

"ಏನ್ರಿ ಅಕ್ಕಾರ, ಮಿಷನ್ನು ಹಿಟ್ಟು ನಾದಾಕತ್ತೈತೇನ್ರಿ? ಹಸಿ ಎರಿ ನೀರಿಗೆ ಹಾಕಬಾರ್ದುರಿ. ಬಿಸಲಿಗೆ ಒಣಗಿಸಿ, ಬಡದು ಕೊಡವಿ, ಆಮ್ಯಾಲೆ ತೊಳೀರಿ."

ಊರಲ್ಲಿ ಕೆಸರಾದ ಬಟ್ಟೆಯನ್ನು ಒಣಗಲು ಬಿಟ್ಟರೆ ಅಮ್ಮ ಬೈಯುತ್ತಿದ್ದರು. ಇಲ್ಲಿ ಒಣಗಿಸದಿದ್ದರೆ ಬೈಗುಳ! ಹೇಳಿದಂತೆ ಮಾಡಿದೆ. ಒಣಗಿದ ಎರಿ ಹೆಂಟೆ ಹೆಂಟೆಯಾಗಿ ಉದುರಿತು. ಸೋಡಾ ನೀರಲ್ಲಿ ನೆನೆಸಿ, ಒಂದೊಂದೇ ಪ್ಯಾಂಟು ಹಾಕಿ ತಿರುಗಿಸಿದೆ. ಖಾಕಿ ಬಣ್ಣ ಮತ್ತೆ ಕಂಡಾಗ ರಾಜ್ಯ ಗೆದ್ದಷ್ಟು ಸಂತೋಷವಾಯಿತು. ಆದರೆ ಓಣಿಯ ಹೆಂಗಸರೆಲ್ಲ ಗಂಟು ಹೊತ್ತು ನಗುತ್ತಾ ಹಳ್ಳಕ್ಕೆ ಹೋಗುವಾಗ ನಾನು ಮಷಿನ್ನಿನ ಗುಂಯ್‌ಗುಡುವಿಕೆ ಕೇಳುತ್ತಾ ಒಬ್ಬಳೇ ಕೂತಿರುತ್ತಿದ್ದೆ. ಮಾತಿಗೆ ಸಿಗುತ್ತಿದ್ದವಳು ಕೊಟ್ರಮ್ಮ ಒಬ್ಬಳೇ.

ಒಂದು ದಿನ ಅವಳೇ ಸಣ್ಣ ಕೌದಿಯೊಂದನ್ನು ಎದೆಗವಚಿಕೊಂಡು ಬಂದಳು. ಹಳೆ ಸೀರೆಗಳ ತುಂಡು ಜೋಡಿಸಿ ಹೊಲಿದ ಹೊದಿಕೆಗೆ ಇಲ್ಲಿ ಕೌದಿ ಎನ್ನುತ್ತಾರೆ. ಅವಳ ಮನೆಯದು ಮಣ್ಣು ಮುಚ್ಚಿದ ಚಪ್ಪಟೆ ಚಾವಣಿ, ಇಲ್ಲಿನ ಮಾತಲ್ಲಿ ಮಾಳಿಗೆ. ನಮ್ಮೂರ ಹೆಂಚಿನ ಮನೆ ಸೋರಿದರೆ ನೀರು ಬೀಳುತ್ತದೆ, ಮಾಳಿಗೆ ಸೋರಿದರೆ ಕೆಸರೇ ಬೀಳುತ್ತದೆ. ಕೌದಿಯ ಬಣ್ಣವೇ ತಿಳಿಯುತ್ತಿರಲಿಲ್ಲ.

"ಮಗಳು ಬಾಣಂತನಕ್ಕ ಬರತಾಳ್ರಿ. ಕೂಸಿನ್ನ ನಮ್ಮವ್ವ ಹೊಲಿದ ಕೌದಿ ಮ್ಯಾಲೇ ಮಲಗಿಸಬೇಕು. ಅಕಿ ತೀರಿಹೋಗ್ಯಾಳ, ಅಕಿ ಕೈ ಹೊಲಿಗಿಯರ ಐತಲ್ರಿ. ಹಳ್ಳದ ಬಂಡಿಗಲ್ಲಿಗೆ ಬಡದ್ರ ಹರೀತೈತಿ. ನಿಮ್ಮ ಮಿಷನ್ನು ಮೆತ್ತಗ ತೊಳಿತೈತಲ್ಲ?"

ನನ್ನನ್ನು ನಂಬಿ ಕೇಳಿದಳಲ್ಲ ಎಂದು ಉಬ್ಬಿಹೋದೆ. ಒಣಗಿಸಿ, ಬ್ರಷ್ಷಿನಿಂದ ಉಜ್ಜಿ, ಕೈಯಾಡಿಸಿ ನೋಡಿದೆ. ಮೂಲೆಯೊಂದರಲ್ಲಿ ಪದರದ ನಡುವೆ ಗಟ್ಟಿ ಚಕ್ಕೆ ಸಿಕ್ಕಿತು. ಎರಿಯೇ ಒಳಗೆ ಸೇರಿದೆ, ಕೊಳವೆ ಮತ್ತೆ ಕಟ್ಟೀತು ಎಂದು ಆ ಮೂಲೆಯ ಹೊಲಿಗೆ ಬಿಚ್ಚಿ, ಚಕ್ಕೆ ತೆಗೆದು ಹಿತ್ತಿಲಿಗೆಸೆದೆ. ಕೋಳಿಗಳು ಮುತ್ತಿಕೊಂಡವು. ಮಣ್ಣು ತಿನ್ನುವ ಕೋಳಿಗಳೂ ಉಂಟೇ ಎಂದು ನಕ್ಕೆ. ಕೌದಿ ಮಾತ್ರ ಸೊಗಸಾಗಿ ತೊಳೆದು ಬಂತು. ಒಳಗಿಂದ ಗಿಣಿಹಸಿರು, ಕುಂಕುಮಗೆಂಪು, ಒಂದೊಂದೇ ಬಣ್ಣ ಎದ್ದವು.

ಒಯ್ದು ಕೊಟ್ಟೊಡನೆ ಕೊಟ್ರಮ್ಮನ ಕೈ ನೇರ ಆ ಮೂಲೆಗೆ ಹೋಯಿತು.

"ರೊಟ್ಟಿ ಎಲ್ಲಿರಿ?"

ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ಜೋಳದ ರೊಟ್ಟಿ ಇಟ್ಟು ಹೊಲಿಯುತ್ತಾರಂತೆ. ಕೌದಿ ಹಸಿದಿರಬಾರದು, ಹಸಿದ ಕೌದಿಯ ಮೇಲೆ ಮಲಗಿದವರೂ ಹಸಿಯುತ್ತಾರೆಂದು ನಂಬಿಕೆ. "ನಮ್ಮವ್ವ ಬಡದ ರೊಟ್ಟಿರಿ ಅದು" ಎಂದಳು. ಬೈಯಲಿಲ್ಲ. ಕೌದಿ ಮಡಚಿಕೊಂಡು ಒಳಗೆ ಹೋದಳು.

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಗೋಡೆಯ ಬಳಿ ಅವಳ ಸುಳಿವೇ ಇಲ್ಲ. ಊರಿಗೆ ಹೋಗಿಬಿಡೋಣ ಎಂದು ನಮ್ಮವರ ಮುಂದೆ ಅತ್ತೆ. ಕೊನೆಗೆ ತಡೆಯಲಾರದೆ ನಾನೇ ಅವಳ ಬಾಗಿಲಿಗೆ ಹೋಗಿ, "ನೀನೇ ಒಂದು ರೊಟ್ಟಿ ಇಟ್ಟು ಹೊಲಿ ಮಾರಾಯ್ತಿ" ಎಂದು ಬೇಡಿಕೊಂಡೆ.

"ತೆಗದೋರ ಕೈಲೇ ತುಂಬಬೇಕ್ರಿ. ಬರ್ರಿ ಒಳಗ, ಒಲಿ ಹತ್ತೈತಿ."

ದೋಸೆ ಹಿಟ್ಟು ತಿರುವಿ ಬೆಳೆದ ಕೈ ನನ್ನದು. ಜೋಳದ ಹಿಟ್ಟು ಬಡಿದಷ್ಟೂ ಒಡೆಯಿತು. ಅಂತೂ ಅಂಚು ಹರಿದ ಒಂದು ರೊಟ್ಟಿ ಬೆಂದಿತು. ಇದು ಬೇಡ, ಇನ್ನೊಂದು ಬಡಿಯುತ್ತೇನೆ ಎಂದೆ.

"ಹೊಟ್ಟಿಗೆ ಹೋದ ಮ್ಯಾಲೆ ಯಾರು ನೋಡ್ತಾರ ಬಿಡ್ರಿ" ಎನ್ನುತ್ತಾ ಕೊಟ್ರಮ್ಮ ಸೂಜಿ ಪೋಣಿಸಿ ಕೊಟ್ಟಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ನೋಡಿ ನನ್ನ ಕಣ್ಣು ತುಂಬಿತು.

ಈಗ ನಮ್ಮವರಿಗೆ ಕರಾವಳಿಗೆ ವರ್ಗವಾಗುವ ಮಾತು ನಡೆದಿದೆ. ಬಂದ ಹೊಸದರಲ್ಲಾಗಿದ್ದರೆ ಅಂದೇ ಗಂಟುಮೂಟೆ ಕಟ್ಟುತ್ತಿದ್ದೆ. ಸುದ್ದಿ ಹೇಳಲು ಹೋದಾಗ ಕೊಟ್ರಮ್ಮ ಮೊಮ್ಮಗನನ್ನು ಆ ಕೌದಿಯ ಮೇಲೆ ಮಲಗಿಸಿ ತಟ್ಟುತ್ತಿದ್ದಳು.

"ಹೋಗ್ರಿ, ನಿಮ್ಮವ್ವ ದಾರಿ ನೋಡ್ತಿರ್ತಾಳ" ಎಂದಳು. ಕೂಸಿನ ಮೈಮೇಲಿನ ನೊಣ ಓಡಿಸುತ್ತಾ ಕೇಳಿದಳು, "ಇವ ದೊಡ್ಡಾವಾಗಿ ಕೌದಿ ಯಾರು ಹೊಲಿದಾರಂತ ಕೇಳಿದ್ರ ನಮ್ಮವ್ವನ ಹೆಸರು ಹೇಳ್ತೀನಿ, ನಿಮ್ಮ ಹೆಸರೂ ಹೇಳ್ತೀನಿ. ಅಕಿ ಯಾವೂರಾಕಿ ಅಂದ್ರ ಏನನ್ನಲಿ?"

ಕುಂದಾಪುರ ಎನ್ನಲು ಬಾಯಿ ತೆರೆದೆ. ಕೌದಿಯ ಮೂಲೆಯ ನನ್ನ ರೊಟ್ಟಿ ಕೈಗೆ ತಾಗಿತು, "ಹಡಗಲಿ ಅನ್ನು" ಎಂದೆ.